ಗುಮ್ಮನಿಗೆ ಬಡಿಸಿದ ಮೊಸರನ್ನ

ಮೊದಲೇ ಹೇಳಿಬಿಡ್ತೀನಿ, ದೆವ್ವ, ಭೂತ, ಗಾಳಿ ಸೋಕು ಇವನ್ನೆಲ್ಲ ನಂಬೋ ಪೈಕಿ ನಾನಲ್ಲ. ಮದುವೆಯಾಗಿ ಚಾಮರಾಜಪೇಟೆಗೆ ಬಂದಾಗಿನಿಂದ ಯಜಮಾನರ ಜೊತೆ ಪೇಟೆಯ ನಮ್ಮ ದಿನಸಿ ಅಂಗಡಿಯಲ್ಲಿ ಕೂತವಳು. ತಕ್ಕಡಿಗೆ ಹಾಕಿ ನೋಡದೆ ಯಾವುದನ್ನೂ ಒಪ್ಪೋಳಲ್ಲ. ಯಾರಾದ್ರೂ ಅಂಥ ಕಥೆ ಶುರು ಮಾಡಿದ್ರೆ, "ಹೊಟ್ಟೆ ತುಂಬ ಉಂಡು ಮಲಗಿ, ಎಲ್ಲಾ ಸರಿ ಹೋಗುತ್ತೆ" ಅಂತ ಹೇಳಿ ಎದ್ದು ಹೋಗ್ತಿದ್ದೆ. ಈಗ ನಾನೇ ಅಂಥದ್ದೊಂದು ಹೇಳೋಕೆ ಕೂತಿದೀನಿ. ನೀವೂ ಎದ್ದು ಹೋಗೋದಾದ್ರೆ ಹೋಗಿ, ನನಗೇನೂ ಬೇಜಾರಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಜೊತೆಗೇ ಇರೋ ನನ್ನ ಮಗಳು ಸುಮಾಗೆ ಅವಳಿ ಮಕ್ಕಳು. ಇಂಚು ಅನ್ನೋ ಹುಡುಗಿ, ನಂದು ಅನ್ನೋ ಹುಡುಗ. ಆಗ ಎರಡೂವರೆ ವರ್ಷ. ಇಂಚು ಬಾಯಿ ಅಂದ್ರೆ ಬಾಯಿ, ಅರಳು ಹುರಿದ ಹಾಗೆ ಮಾತು. ನಂದು ಮಾತ್ರ ಒಂದೇ ಒಂದು ಮಾತಾಡಿರಲಿಲ್ಲ. ನಗೋನು, ಓಡೋನು, ಹೇಳಿದ್ದೆಲ್ಲ ಅರ್ಥ ಮಾಡ್ಕೊಳ್ಳೋನು, ಆದ್ರೆ ಮಾತಿಲ್ಲ. ಡಾಕ್ಟ್ರು ಕಿವಿ ನೋಡಿದ್ರು, ನಾಲಿಗೆ ನೋಡಿದ್ರು, ಎಲ್ಲಾ ಚೆನ್ನಾಗಿದೆ, ಕಾಯಿರಿ ಅಂದ್ರು. ನೆಂಟರು ಕಾಯ್ತಾರಾ? ಒಬ್ಬರು ಬಜೆ ತೇದು ನೆಕ್ಕಿಸಿ ಅನ್ನೋರು, ಇನ್ನೊಬ್ಬರು ಯಾವುದೋ ದೇವರಿಗೆ ಹರಕೆ ಹೊತ್ಕೊಳ್ಳಿ ಅನ್ನೋರು. ಅವರೆದುರು ನಗ್ತಾ ಇರ್ತಿದ್ದ ಸುಮಾ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಕೊಂಡು ಅಳ್ತಿದ್ಲು. ನಲ್ಲಿ ಸದ್ದಿನಲ್ಲಿ ಅಳು ಕೇಳಿಸಲ್ಲ ಅಂತ ಅವಳ ಲೆಕ್ಕ. ಹೆತ್ತವಳಿಗೆ ಕೇಳಿಸದೆ ಇರುತ್ತಾ?

ಆ ಬೇಸಿಗೆಯಲ್ಲಿ ಅಳಿಯಂದಿರು, ಮಂಜುನಾಥ್ ಅಂತ, ಮಕ್ಕಳನ್ನ ಕಾಡಂಚಿನ ಹೊಳೆ ಪಕ್ಕ ಕ್ಯಾಂಪಿಂಗ್ ಕರ್ಕೊಂಡು ಹೋಗೋಣ ಅಂತ ಹೊರಟರು. ಕಿತ್ತಳೆ ಬಣ್ಣದ ಟೆಂಟು, ಬ್ಯಾಟರಿ ದೀಪ, ಮಕ್ಕಳಿಗೆ ಟೋಪಿ, ಎಲ್ಲಾ ಬಂತು. ಜೊತೆಗೆ ನನ್ನದೊಂದು ಡಬ್ಬಿ ಚಕ್ಕುಲಿ. ಹೊರಡೋ ಬೆಳಿಗ್ಗೆ ಅಲ್ಲಿಂದ ಫೋನು: "ಆನೆಗಳು ಓಡಾಡ್ತಿವೆ ಸಾರ್, ಬರಬೇಡಿ." ಟೋಪಿ ಹಾಕ್ಕೊಂಡು ಬಾಗಿಲಲ್ಲಿ ನಿಂತಿದ್ದ ಇಂಚು ಬೀದಿಗೆಲ್ಲ ಕೇಳೋ ಹಾಗೆ ಕಿರುಚಿದಳು. ಅವಳಿಗೆ ಆನೆ ಇದ್ರೆ ಇನ್ನೂ ಒಳ್ಳೇದು!

ಅಳಿಯಂದಿರು ಸುಮ್ಮನಿರೋ ಜಾತಿಯಲ್ಲ. "ಅತ್ತೆ, ಕಾಡು ಇಲ್ಲದೆ ಹೋದ್ರೆ ತಾರಸಿ" ಅಂತ ನಮ್ಮನೆ ತಾರಸಿ ಮೇಲೇ ಟೆಂಟು ಹೊಡೆದರು. ಟ್ಯಾಂಕಿನಿಂದ ಪೈಪು ಬಿಟ್ಟು ಹೊಳೆ ಮಾಡಿದರು. ಬಟ್ಟೆ ತಂತಿಗೆ ನನ್ನ ಹಳೇ ಹಸಿರು ಸೀರೆ ಇಳಿಬಿಟ್ಟು ಕಾಡು ಮಾಡಿದರು. ಆಮೇಲೆ ತಾವೇ ಆನೆಯಾಗಿ ನಾಲ್ಕು ಕಾಲಲ್ಲಿ ಓಡಾಡಿ ಮಂಡಿ ತರಚಿಕೊಂಡರು. ಮಕ್ಕಳು ಇಡೀ ದಿನ ನೀರಲ್ಲಿ. ನಾನೂ ಸೆರಗು ಸಿಕ್ಕಿಸಿಕೊಂಡು ಆ ಹೊಳೆಗೆ ಇಳಿದೆ ಅನ್ನಿ. ಅಷ್ಟು ನಕ್ಕ ದಿನ ನನ್ನ ಜೀವಮಾನದಲ್ಲಿ ಇನ್ನೊಂದಿಲ್ಲ.

ದೀಪ ಹಚ್ಚೋ ಹೊತ್ತಿಗೆ ಸುಮಾ, ಅಳಿಯಂದಿರು ಇಬ್ಬರೂ ಹಾಸಿಗೆ, ಹಾಲು ತರೋಕೆ ಕೆಳಗೆ ಹೋದರು. ನಾನು ಬಟ್ಟಲಲ್ಲಿ ಮೊಸರನ್ನ ಕಲೆಸ್ಕೊಂಡು ಟೆಂಟಿನ ಬಾಯಲ್ಲಿ ಕೂತೆ. ಇಂಚು ಎರಡು ತುತ್ತು ತಿಂದಳು. ನಂದು ತುಟಿ ಬಿಗಿದುಕೊಂಡ. ಮಾತಿಗೂ ಬಿಗಿ, ತುತ್ತಿಗೂ ಬಿಗಿ. ಮಕ್ಕಳನ್ನ ಗುಮ್ಮ ಅಂತ ಹೆದರಿಸಬಾರದು ಅಂತ ಸುಮಾದು ಕಟ್ಟುನಿಟ್ಟು. ಆದ್ರೆ ಅವಳು ಕೆಳಗಿದ್ದಳಲ್ಲ, ನಾನು ನಮ್ಮ ಹಳೇ ದಾರಿಗೇ ಬಂದೆ. "ಆ ಮಾಡು ಕಂದಾ, ಇಲ್ಲಾಂದ್ರೆ ಗುಮ್ಮನ್ನ ಕರೀತೀನಿ" ಅಂದೆ. ಬಾಯಿ ತೆಗೀಲಿಲ್ಲ. ಟ್ಯಾಂಕಿನ ಕಡೆ ತಿರುಗಿ, "ಬಾರೋ ಗುಮ್ಮಾ, ಬಂದು ಈ ಕಳ್ಳನ್ನ ನೋಡು!" ಅಂತ ಕೂಗೇ ಬಿಟ್ಟೆ.

ಹೆದರೋದು ಹೋಗಲಿ, ಇಬ್ಬರ ಮುಖವೂ ಅರಳಿತು. ಇಂಚು ನನ್ನ ಕೈಯಿಂದ ಬಟ್ಟಲು ಕಿತ್ಕೊಂಡು, "ಗುಮ್ಮ ಬಂದ! ಅಜ್ಜಿ ಆಚೆ!" ಅಂತ ಟೆಂಟಿನ ಬಾಗಿಲ ಬಟ್ಟೆ ಎಳೆದುಬಿಟ್ಟಳು. ನನ್ನ ಮನೆ ತಾರಸಿಯಲ್ಲಿ ನಾನೇ ಆಚೆ! ನಗ್ತಾ ಕೂತೆ.

ಒಳಗೆ ದೀಪ ಉರೀತಿತ್ತು, ಮಕ್ಕಳ ನೆರಳು ಬಟ್ಟೆ ಮೇಲೆ ಬಿದ್ದಿತ್ತು. ಸುಮ್ಮನೆ ನೋಡ್ತಿದ್ದೆ. ಜುಟ್ಟಿರೋ ನೆರಳು ಇಂಚು. ಪಕ್ಕದ್ದು ನಮ್ಮ ಹುಡುಗ ನಂದು. ಇನ್ನೊಂದು ಅಷ್ಟೇ ಎತ್ತರ, ತಲೆ ಸ್ವಲ್ಪ ದೊಡ್ಡದು. ಚೀಲ ಇರಬೇಕು ಅಂದ್ಕೊಂಡೆ. ಅಷ್ಟರಲ್ಲಿ ಆ ಚೀಲ ಚಪ್ಪಾಳೆ ತಟ್ಟಿತು.

ಬಟ್ಟೆ ಸರಿಸಿ ಇಣುಕಿದೆ. ಇಬ್ಬರೇ. ಒಲೆಯ ಮೂರು ಗುಂಡಿನಲ್ಲಿ ಒಂದನ್ನ ತೆಗೆದಿಟ್ಟ ಹಾಗೆ ಕೂತಿದ್ದರು, ಒಂದು ಜಾಗ ಖಾಲಿ. ಇಬ್ಬರೂ ಆ ಖಾಲಿ ಜಾಗ ನೋಡಿ ನಗ್ತಿದ್ದರು. "ಅಜ್ಜೀ, ಆಚೆ!" ಅಂತ ಇಂಚು ಗದರಿದಳು. ಬಟ್ಟೆ ಬಿಟ್ಟೆ. ಮತ್ತೆ ನೆರಳು ಮೂರು. ಈಗ ಗಮನ ಇಟ್ಟು ಕೇಳಿದ್ರೆ ನಗುವೂ ಮೂರು. ಮೈ ಜುಂ ಅಂತು. ಕೊರಳಲ್ಲಿದ್ದ ಲಿಂಗಕ್ಕೆ ಒಂದು ಕೈ ಹೋಯ್ತು, ಮಕ್ಕಳನ್ನ ಆಚೆಗೆ ಎಳೆದುಕೊಳ್ಳೋಣ ಅಂತ ಇನ್ನೊಂದು ಕೈ ಬಟ್ಟೆಗೆ ಹೋಯ್ತು.

ಆಗ ಒಳಗಿಂದ ಒಂದು ಮಾತು ಕೇಳಿಸ್ತು. ಸ್ವಲ್ಪ ದಪ್ಪ ದನಿ, ನಾನು ಯಾವತ್ತೂ ಕೇಳದ್ದು.

"ಗುಮ್ಮಾ, ಆ ಮಾಡು."

ಯಾರದು ಅಂತ ಒಂದು ಗಳಿಗೆ ಗೊತ್ತಾಗಲಿಲ್ಲ. ಇಂಚು ದನಿ ಅಲ್ಲ. ನೆರಳಿನಲ್ಲಿ ನಂದು ಕೈ ಚಾಚಿ ಆ ಮೂರನೇ ನೆರಳಿಗೆ ತುತ್ತು ಕೊಡ್ತಿದ್ದ. ನಾವು ಮನೆಯವರೆಲ್ಲ ಸೇರಿ ದಿನಾ ಅವನಿಗೆ ಹೇಳ್ತಿದ್ದ ಮಾತು, ಅವನು ಅದಕ್ಕೆ ಹೇಳ್ತಿದ್ದ! ಅಯ್ಯೋ ಶಿವನೇ, ನಮ್ಮ ಹುಡುಗ ಮಾತಾಡಿದ!

ನಾನು ಬಟ್ಟೆಯಿಂದ ಕೈ ತೆಗೆದೆ. ಈಗ ಎಳೆದರೆ ಬಂದ ಮಾತು ಮತ್ತೆ ಒಳಗೇ ಹೋಗಿಬಿಟ್ಟರೆ? ಭಯ ಇರಲಿಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ತೂಗಿ ನೋಡಿದ್ರೆ ಖುಷಿ ಕಡೆಯ ತಟ್ಟೆಯೇ ಕೆಳಗೆ ಬಂತು. ಬಾಯಿಗೆ ಸೆರಗು ಒತ್ಕೊಂಡು ಅಳ್ತಾ, ನಗ್ತಾ ಕೂತೆ. ಒಳಗೆ ಅವನು "ಇನ್ನೂ ಬೇಕಾ?" ಅಂದ. "ಸಾಕಾ?" ಅಂದ.

ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯ್ತು. ಮೂರನೇ ನೆರಳು ಎದ್ದು ನಿಂತಿತು. "ಗುಮ್ಮಾ, ಟಾಟಾ" ಅಂದಳು ಇಂಚು. ಹೋಗು, ಈ ಕಡೆ ತಲೆ ಹಾಕಬೇಡ ಅಂತ ಗದರೋಣ ಅಂತಲೇ ಬಾಯಿ ತೆಗೆದೆ. ಆದ್ರೆ ನಮ್ಮನೇಲಿ ಉಂಡವರಿಗೆ 'ಹೋಗು' ಅಂದು ಅಭ್ಯಾಸ ಎಲ್ಲಿದೆ? "ಹೋಗ್ಬಾಪ್ಪಾ" ಅಂತ ಬಂತು ಬಾಯಲ್ಲಿ. ನೋಡಿ ನನ್ನ ಬುದ್ಧಿನ, ಬಾ ಅಂತಲೂ ಹೇಳಿ ಕಳಿಸಿದೆ!

ಕಣ್ಣೊರೆಸಿಕೊಂಡು ನೋಡಿದಾಗ ನೆರಳು ಎರಡೇ. ನಂದು ಬಟ್ಟಲು ಹಿಡ್ಕೊಂಡು ಆಚೆ ಬಂದ. ಸುಮಾಗೆ ತೋರಿಸಿ, "ಅಮ್ಮಾ, ಖಾಲಿ!" ಅಂದ. ಅವಳ ಕೈಯಲ್ಲಿದ್ದ ದಿಂಬು, ಹೊದಿಕೆ ಎಲ್ಲಾ ಬಿದ್ದುಹೋಯ್ತು. ಮಗನ್ನ ಅಪ್ಪಿಕೊಂಡು ಗೋಳೋ ಅಂತ ಅತ್ತಳು, ನಲ್ಲಿ ಗಿಲ್ಲಿ ಏನೂ ಬೇಕಾಗಲಿಲ್ಲ. ಅಳಿಯಂದಿರು ತಾರಸಿ ತುಂಬ ಕುಣಿದರು. ಪಕ್ಕದ ಮನೆಯವರು ಗಾಬರಿಯಾಗಿ, "ಏನಾಯ್ತ್ರೀ?" ಅಂತ ಕೂಗಿದರು. "ಹುಡುಗನಿಗೆ ಮಾತು ಬಂತು ರೀ!" ಅಂತ ನಾನೂ ಕೂಗಿದೆ.

ಆಮೇಲೆ ಅಳಿಯಂದಿರಿಗೆ ನೆರಳಿನ ವಿಷಯ ಮಾತ್ರ ಹೇಳಿದೆ. ಟೆಂಟಿನ ಬಟ್ಟೆ ಎರಡು ಪದರ ಅತ್ತೆ, ನೆರಳು ಡಬಲ್ ಬೀಳುತ್ತೆ ಅಂದರು. ಡಬಲ್ ಆದ್ರೆ ಇಬ್ಬರಿಗೆ ನಾಲ್ಕು ಬೀಳಬೇಕಲ್ಲಪ್ಪಾ ಅಂದೆ. ಇನ್ನೊಂದು ಸಂಜೆ ಅದೇ ಟೆಂಟು, ಅದೇ ದೀಪ, ಅದೇ ಜಾಗದಲ್ಲಿ ಮಕ್ಕಳನ್ನ ಕೂರಿಸಿ ನಾನೇ ನೋಡಿದೆ. ಎರಡೇ ಬಿತ್ತು.

ನಂದು ಈಗ ಸ್ಕೂಲಿಗೆ ಹೋಗ್ತಾನೆ. ಮಾತು ಜಾಸ್ತಿ ಅಂತ ಟೀಚರಿಂದ ದೂರು ಬರುತ್ತೆ. ಗುಮ್ಮ ನೆನಪಿದೆಯೇನೋ ಅಂದ್ರೆ, "ಯಾವ ಗುಮ್ಮ ಅಜ್ಜಿ?" ಅಂತಾನೆ. ಇಂಚುಗೂ ನೆನಪಿಲ್ಲ. ಸುಮಾ ಓದೋದೆಲ್ಲ ಇಂಗ್ಲಿಷು, ಅದಕ್ಕೇ ಧೈರ್ಯವಾಗಿ ಇದನ್ನ ಬರೀತಿದೀನಿ. ಮನೆಗೆ ಯಾರು ಬಂದ್ರೂ ಅವಳು ಆ ಸಂಜೆಯ ಕಥೆ ಹೇಳ್ತಾಳೆ. "ಇವನು ಫಸ್ಟ್ ಹೇಳಿದ ಮಾತೇ 'ಅಮ್ಮ' ಅಂತ, ಅಲ್ವಾ ಅಮ್ಮಾ?" ಅಂತ ನನ್ನ ಕಡೆ ತಿರುಗ್ತಾಳೆ. ಆ ಮುಖ ನೋಡಿ, "ಹೂಂ ಕಣೇ" ಅಂತೀನಿ. ಅವನ ಮೊದಲನೇ ಮಾತು ಅಮ್ಮನಿಗಲ್ಲ, ಅಜ್ಜಿಗೂ ಅಲ್ಲ. ಯಾರಿಗೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.