ತಂಗಿಯ ಪರವಾಗಿ ಹೋದವಳು

ನಾನು ಓದಿದ್ದು ಏಳನೇ ಕ್ಲಾಸು. ನ್ಯಾಮತಿ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ನಮ್ಮಂಥ ಅಡುಗೆಯವರದ್ದೇ ಒಂದು ಸಂಘ ಇದೆ. ಮಾತು ಸ್ವಲ್ಪ ಜೋರು ಅಂತ ಅದರಲ್ಲಿ ನನ್ನನ್ನು ಮುಂದೆ ಬಿಟ್ಟಿದ್ದರು. ಯಾವುದಾದರೂ ಶಾಲೆಯಲ್ಲಿ ಅಡುಗೆಯವಳನ್ನು ವಿಚಾರಣೆಗೆ ಕರೆದರೆ ಅವಳ ಜೊತೆ ಹೋಗಿ ಮಾತಾಡುವುದು ನನ್ನ ಕೆಲಸ. ನ್ಯಾಮತಿ ಬೇರೆ ತಾಲ್ಲೂಕಾದ ಮೇಲೂ ಹೊನ್ನಾಳಿ ಕಡೆಗೆ ನಾನೇ ಹೋಗುತ್ತಿದ್ದೆ. ಮೀಟಿಂಗಿನಲ್ಲಿ ಎಲ್ಲರಿಗೂ ಹೇಳುತ್ತಿದ್ದೆ: "ಒಬ್ಬೊಬ್ಬರೇ ಒಳಗೆ ಹೋಗಬ್ಯಾಡ್ರಿ. ತಪ್ಪಾತು ಅಂತ ಬಾಯಿಂದ ಬರಬಾರದು. ನಡೆದಿದ್ದು ಏನು, ಅಷ್ಟೇ ಹೇಳ್ರಿ."

ನನ್ನ ತಂಗಿಯೂ ಇದೇ ಕೆಲಸದಲ್ಲಿದ್ದಳು, ಹೊನ್ನಾಳಿ ಕಡೆಯ ಅವಳ ಗಂಡನ ಊರಿನ ಶಾಲೆಯಲ್ಲಿ. ಅಲ್ಲಿ ಮೇಷ್ಟ್ರು, ಟೀಚರುಗಳು ಮನೆಯಿಂದ ತಂದ ಬುತ್ತಿ ಉಂಡು, ಖಾಲಿ ಡಬ್ಬಿಗಳನ್ನು ಅಡುಗೆ ಕೋಣೆಯ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ತೊಳೆಯಿರಿ ಅಂತ ಯಾರೂ ಹೇಳಿದವರಲ್ಲ. ಇಟ್ಟರೆ ತೊಳೆಯಬೇಕು, ಅಷ್ಟೇ. ವರ್ಷಗಟ್ಟಲೆ ತೊಳೆದಳು. ಒಂದು ದಿನ ಮೈಯಲ್ಲಿ ಜ್ವರ ಇತ್ತಂತೆ. ಊಟ ಮುಗಿಸಿದ ಹುಡುಗರು ನಲ್ಲಿಯ ಮುಂದೆ ಸಾಲಾಗಿ ನಿಂತು ತಮ್ಮ ತಟ್ಟೆ ತೊಳೆಯುತ್ತಿದ್ದರು. ಇವಳು ಡಬ್ಬಿಗಳನ್ನೆಲ್ಲ ತಂದು ಆ ಸಾಲಿನ ಕೊನೆಗೆ ಜೋಡಿಸಿಟ್ಟಳು.

"ನಿಮ್ಮ ತಟ್ಟೆ ನೀವೇ ತೊಳೀತೀರಲ್ಲ, ಮೇಷ್ಟ್ರ ಪಾಳಿ ಬಂದಾಗ ಅವರನ್ನೂ ಕರೀರಪ್ಪ" ಅಂದಳು.

ಹುಡುಗರು ಗೊಳ್ಳೆಂದು ನಕ್ಕರು. ಒಬ್ಬ ನಿಜವಾಗಿಯೂ ಓಡಿಹೋಗಿ ಕರೆದ: "ಸಾರ್, ನಿಮ್ಮ ಪಾಳಿ ಬಂತು!"

ಮಕ್ಕಳ ಮುಂದೆ ಗುರುಗಳಿಗೆ ಅವಮಾನ ಮಾಡಿದ್ದಾಳೆ, ಕೆಲಸದಿಂದ ತೆಗೆಯಲೇಬೇಕು ಅಂತ ಹೆಡ್‌ಮಾಸ್ಟರು ಪಟ್ಟು ಹಿಡಿದರು. ಶಾಲಾ ಸಮಿತಿ ಅವಳನ್ನು ಕರೆಸಿತು. ತಂಗಿ ನನಗೆ ಫೋನ್ ಮಾಡಿದಾಗ ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ. "ನೀನು ಬರ್ತೀಯಲ್ಲ, ನನಗೇನಾಗ್ತೈತೆ" ಅಂದಳು. ಚನ್ನಗಿರಿ ಕಡೆಯ ಒಬ್ಬಾಕೆಯ ಕೆಲಸ ಉಳಿಸಲು ನಾನು ಟೇಬಲ್ಲು ಕುಟ್ಟಿ ಮಾತಾಡಿದ್ದನ್ನು ಅವಳ ಮುಂದೆ ನಾನೇ ಎಷ್ಟೋ ಸಲ ಕೊಚ್ಚಿಕೊಂಡಿದ್ದೆ.

ಇಬ್ಬರೂ ಹೆಡ್‌ಮಾಸ್ಟರ ಕೋಣೆಗೆ ಹೋದೆವು. ಸಮಿತಿಯ ಅಧ್ಯಕ್ಷರಿಗೆ ನಮ್ಮ ತವರಿನ ಗುರುತಿತ್ತು. "ಓ, ಬರ್ರಿ ಬರ್ರಿ. ನಿಮ್ಮಪ್ಪಾರನ್ನ ನಾನು ಬಲ್ಲೆ ಕಣ್ರಿ. ಒಬ್ಬರ ಎದುರು ದನಿ ಎತ್ತಿದ ಮನುಷ್ಯ ಅಲ್ಲ" ಅಂದು ನನಗೆ ಕುರ್ಚಿ ಹಾಕಿಸಿದರು. ತಂಗಿಗೆ ಹಾಕಿಸಲಿಲ್ಲ. ನಾನು ಕುಳಿತೆ. ಟೀ ಬಂತು, ಕುಡಿದೆ.

ಹೆಡ್‌ಮಾಸ್ಟರು ನಡೆದದ್ದನ್ನೆಲ್ಲ ಹೇಳಿ ಕೊನೆಗೆ ನನ್ನ ಕಡೆ ತಿರುಗಿದರು. "ಮನೇಲಿ ಯಾರೂ ಬುದ್ಧಿ ಹೇಳಿಲ್ವೇನ್ರಿ ಈಕೆಗೆ?"

ಆಗ ಕೇಳಬೇಕಾದ ಮಾತು ನನಗೆ ಬಾಯಿಪಾಠವಾಗಿತ್ತು. ಡಬ್ಬಿ ತೊಳೆಯುವುದು ಇವಳ ಕೆಲಸ ಅಂತ ಎಲ್ಲಿ ಬರೆದಿದೆ ಸಾರ್? ಅಷ್ಟು ಕೇಳಿದ್ದರೆ ಅವರ ಹತ್ತಿರ ಉತ್ತರ ಇರುತ್ತಿರಲಿಲ್ಲ. ಬೇರೆ ಯಾರೇ ಆಗಿದ್ದರೂ ಕೇಳುತ್ತಿದ್ದೆ. ಆದರೆ ಅಪ್ಪನ ಹೆಸರು ಬಂದ ಮೇಲೆ ನನಗೆ ಕಂಡಿದ್ದು ನಮ್ಮ ಮನೆಯ ಮರ್ಯಾದೆ ಒಂದೇ. ನಮ್ಮ ಕಡೆ ನಾಲ್ಕು ಜನರ ಮುಂದೆ ನಮ್ಮವರನ್ನು ನಾವೇ ಮೊದಲು ಬೈದುಬಿಡುತ್ತೇವೆ. ಬೈದರೆ ಎದುರಿಗಿದ್ದವರು ತಣ್ಣಗಾಗುತ್ತಾರೆ, "ಇರಲಿ ಬಿಡ್ರಿ, ಸಣ್ಣೋಳು" ಅಂತ ಅವರೇ ಸಮಾಧಾನ ಹೇಳುತ್ತಾರೆ. ಬೀಗರ ಮನೆಯಲ್ಲಿ ನಡೆಯುವುದು ಇಲ್ಲಿಯೂ ನಡೆಯುತ್ತದೆ ಅಂದುಕೊಂಡೆ.

"ಚಿಕ್ಕೋಳಿದ್ದಾಗಿಂದ ನಿಂದು ಇದೇ ಆತು" ಅಂದೆ ತಂಗಿಗೆ. "ನಾಲಿಗೆ ಹಿಡಿತದಾಗೆ ಇಲ್ಲ. ದೊಡ್ಡೋರಿಗೆ ಹಿಂಗಾ ಮಾತಾಡಾದು? ತಪ್ಪಾತು ಅನ್ನು ಸಾರ್‌ಗೆ."

ಅವಳು ಹೆಡ್‌ಮಾಸ್ಟರನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತ ನಿಂತಳು. ಆಮೇಲೆ ತಲೆ ತಗ್ಗಿಸಿ "ತಪ್ಪಾತು" ಅಂದಳು.

"ನೋಡಿದ್ರಾ, ಸಂಘದೋರೇ ಒಪ್ಕೊಂಡ್ರು" ಅಂದರು ಹೆಡ್‌ಮಾಸ್ಟರು.

"ಹಂಗಲ್ಲ ಸಾರ್, ನಾನು ಅವಳ ಅಕ್ಕ ಅಂತ..."

"ಅಕ್ಕನೇ ಹೇಳಿದ ಮ್ಯಾಲೆ ಇನ್ನೇನೈತಮ್ಮ?" ಅಂದು ಅಧ್ಯಕ್ಷರು ಎದ್ದೇಬಿಟ್ಟರು. ಮುಂದಿನ ವಾರ ಅವಳ ಜಾಗಕ್ಕೆ ಬೇರೆಯವಳು ಬಂದಳು.

ವಿಚಾರಣೆಯ ದಿನ ತಂಗಿ ನನ್ನನ್ನು ಬಿಡಲು ಬಸ್‌ಸ್ಟಾಪಿನವರೆಗೂ ಬಂದಳು. ನಾನು ಬಸ್ಸು ಹತ್ತುವಾಗ ಅಂದಳು: "ಬೈಯಾಕೆ ಮನೆ ಇತ್ತಲ್ಲಕ್ಕ. ಅಲ್ಲಿ ಬೈದಿದ್ರೆ ಬೈಸ್ಕೊಂತಿದ್ದೆ."

ಸಂಘದವರು ತಾಲ್ಲೂಕು ಆಫೀಸಿಗೆ ಅರ್ಜಿ ಹಾಕಿಸಿದರು. ಜೊತೆಗೆ ಯಾರು ಬರಬೇಕು ಅಂತ ತಂಗಿಯನ್ನು ಕೇಳಿದರೆ "ಯಾರಾದ್ರೂ ಬರಲಿ, ಅಕ್ಕ ಮಾತ್ರ ಬ್ಯಾಡ" ಅಂದಳಂತೆ. ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ ಒಬ್ಬಾಕೆ ತನ್ನ ಶಾಲೆಗೆ ರಜೆ ಹಾಕಿ, ಬಸ್ಸು ಬದಲಿಸಿಕೊಂಡು ಬಂದಳು. ನಾನು ಆಫೀಸಿನ ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದೆ. ಕಿಟಕಿಯಿಂದ ಎಲ್ಲ ಕೇಳುತ್ತಿತ್ತು. ಸೊಕ್ಕೆಯಾಕೆ ಚೆನ್ನಾಗಿಯೇ ಮಾತಾಡಿದಳು. ಸಾಹೇಬರು ಎಲ್ಲ ಕೇಳಿಸಿಕೊಂಡು, "ಅವತ್ತು ನಿಮ್ಮ ಸಂಘದವರೇ ತಪ್ಪು ಅಂತ ಹೇಳಿದ್ದಾರಲ್ಲಮ್ಮ, ಈಗ ನಾನೇನು ಮಾಡಲಿ?" ಅಂದರು. ಅರ್ಜಿ ಅಲ್ಲಿಗೇ ಮುಗಿಯಿತು. ಸೊಕ್ಕೆಯಾಕೆಗೆ ಆಡಲು ನಾನು ಉಳಿಸಿದ ಮಾತು ಯಾವುದಿತ್ತು?

ತಂಗಿ ಈಗ ಮೆಕ್ಕೆಜೋಳದ ಹೊಲಗಳಿಗೆ ಕೂಲಿಗೆ ಹೋಗುತ್ತಾಳೆ. ನನ್ನ ಕೆಲಸ ನನಗಿದೆ. ಹಬ್ಬಕ್ಕೆ ಬರುತ್ತಾಳೆ, ಜೊತೆಗೆ ಕೂತು ಹೋಳಿಗೆ ತಟ್ಟುತ್ತಾಳೆ, ನಗುತ್ತಾಳೆ. ಸಂಘದ ಮಾತು ಬಂದರೆ ಎದ್ದು ಹಿತ್ತಿಲಿಗೆ ಹೋಗುತ್ತಾಳೆ. ಅವಳ ಕಾಲು ಹಿಡಿಯುತ್ತೇನೆ ಅಂದುಕೊಂಡೇ ಪ್ರತಿ ಸಲ ಬಾಗಿಲಲ್ಲಿ ಕಾಯುತ್ತೇನೆ. ಬಂದಾಗ "ಬಸ್ಸು ರಶ್ ಇತ್ತಾ?" ಅಂತ ಕೇಳಿ ಒಳಗೆ ಬರುತ್ತೇನೆ.

ಮೊನ್ನೆ ಅದೇ ಶಾಲೆಯ ಹೊಸ ಅಡುಗೆಯವಳನ್ನು ಸಂಘಕ್ಕೆ ಸೇರಿಸಲು ಹೋಗಿದ್ದೆ. ಹುಡುಗಿ ಚೂಟಿ. ಸೇರುತ್ತೇನೆ ಅಂದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು: "ನಾಳೆ ನನ್ನ ಕರೆಸಿದ್ರೆ ಜೊತೆಗೆ ನೀವೇ ಬರ್ತೀರೇನಕ್ಕ? ಹಿಂದೆ ಇದ್ದೋರಿಗೂ ನೀವೇ ಬಂದಿದ್ರಂತಲ್ಲ."

ಅದರಲ್ಲಿ ಕೊಂಕಿತ್ತೋ ಇಲ್ಲವೋ ಅವಳ ಮುಖ ನೋಡಿ ತಿಳಿಯುವ ಧೈರ್ಯ ನನಗಾಗಲಿಲ್ಲ.

"ನಾನಲ್ಲವ್ವ" ಅಂದೆ. "ಬೇರೆಯೋರನ್ನ ಕಳಿಸ್ತೀನಿ."