ಹಾಲಮ್ಮನ ಎಡಗೈ

೧೯೫೮ರಲ್ಲಿ ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಥಿಯೇಟರ್ ಸಿಸ್ಟರ್ ಆಗಿದ್ದೆ. ಆಪರೇಷನ್ ಕೋಣೆಯ ಶುಚಿಯಿಂದ ಹಿಡಿದು ರೋಗಿಯ ತಯಾರಿಯವರೆಗೆ ಎಲ್ಲವೂ ನನ್ನ ಹೊಣೆ. ಊರು ಹರಿಹರ, ನಮ್ಮದು ಕ್ರೈಸ್ತ ಮನೆತನ. ಬಾಯಿ ಜೋರು ಎಂಬ ಹೆಸರು ತರಬೇತಿಯ ಕಾಲದಿಂದಲೇ ನನಗೆ ಅಂಟಿಕೊಂಡಿತ್ತು. ಅದನ್ನು ಕಳೆದುಕೊಳ್ಳಲು ನಾನೇನೂ ಹೆಣಗಲಿಲ್ಲ.

ಒಂದು ಬೆಳಿಗ್ಗೆ ಮಾಯಕೊಂಡದ ಕಡೆಯಿಂದ ಹಾಲಮ್ಮ ಎಂಬ ಹೆಂಗಸನ್ನು ಅವಳ ಅತ್ತೆ ಕರೆತಂದರು. ಹಾಲಮ್ಮನ ಗಂಡ ತೀರಿಹೋಗಿದ್ದ. ಅತ್ತೆ ಸೊಸೆ ಇಬ್ಬರೇ ಕೂಲಿ ಮಾಡಿಕೊಂಡು ಒಂದೇ ಸೂರಿನಡಿ ಬದುಕುತ್ತಿದ್ದರು. ಅವಳ ಹೊಟ್ಟೆ ಉಬ್ಬಿ ಕಲ್ಲಾಗಿತ್ತು. ಕರುಳು ತಿರುಚಿಕೊಂಡಿದೆ, ತಡಮಾಡಿದರೆ ಜೀವ ಉಳಿಯುವುದಿಲ್ಲ, ಈಗಲೇ ಕೊಯ್ಯಬೇಕು ಎಂದರು ಸರ್ಜನ್.

ಅವಳ ಕೊರಳಲ್ಲಿ ಇಷ್ಟಲಿಂಗವಿತ್ತು. ದೀಕ್ಷೆ ಪಡೆದವರು ಉಸಿರಿರುವ ತನಕ ಅದನ್ನು ಮೈಯಿಂದ ಅಗಲಿಸುವುದಿಲ್ಲ. ಥಿಯೇಟರಿನ ನಿಯಮವೋ, ಸೋಂಕಿನ ಭಯಕ್ಕೆ ರೋಗಿಯ ಮೈಮೇಲೆ ದಾರದ ಎಳೆಯೂ ಇರಬಾರದು ಎನ್ನುತ್ತಿತ್ತು. ಆ ನಿಯಮ ತಪ್ಪೆಂದು ನಾನು ಇವತ್ತಿಗೂ ಹೇಳುವುದಿಲ್ಲ.

“ತೆಗೀಬ್ಯಾಡ್ರಿ ಅಕ್ಕಾರ. ಇದನ್ನ ಬಿಟ್ಟು ಉಳಿದು ನಾನೇನ್ ಮಾಡ್ಲಿ?” ಎಂದಳು ಹಾಲಮ್ಮ. ನೋವಿಗೆ ಹಲ್ಲು ಕಚ್ಚಿಕೊಂಡಿದ್ದರೂ ಒಪ್ಪಿಗೆಯ ಹೆಬ್ಬೆಟ್ಟು ಒತ್ತಲಿಲ್ಲ.

ಸರ್ಜನ್ ಸಿಡುಕಿದರು. “ಹಾಗಾದರೆ ವಾರ್ಡಿಗೆ ವಾಪಸ್ ಕಳಿಸಿ. ಶಿಲುಬೆ ಹಾಕಿಕೊಂಡ ನಿಮಗೆ ಲಿಂಗದ ಉಸಾಬರಿ ಯಾಕೆ ಸಿಸ್ಟರ್?”

ವಾರ್ಡಿಗೆ ಕಳಿಸುವುದೆಂದರೆ ಸಾಯಲು ಕಳಿಸುವುದು. ನನಗೆ ಮೈಯೆಲ್ಲ ಉರಿದುಹೋಯಿತು. “ಶಿಲುಬೆ ತೆಗಿ ಅಂದ್ರೆ ನಾನೂ ತೆಗೆಯೋಳಲ್ಲ ಸಾರ್. ಈಕೀನೂ ಟೇಬಲ್ ಮ್ಯಾಲೆ ಬರ್ತಾಳೆ, ಲಿಂಗಾನೂ ಬರ್ತೈತೆ. ಸೋಂಕಾದ್ರೆ ನನ್ನ ಕೆಲಸ ತೆಗೀರಿ.”

ಹಬೆಯಲ್ಲಿ ಬೇಯಿಸಿದ ಬಟ್ಟೆಯನ್ನು ಹಾಲಮ್ಮನಿಗೆ ಕೊಟ್ಟೆ. ಅವಳೇ ಲಿಂಗವನ್ನು ಅದರಲ್ಲಿ ಸುತ್ತಿ ಎಡ ಅಂಗೈಯಲ್ಲಿಟ್ಟುಕೊಂಡಳು. ಪೂಜೆಯಲ್ಲೂ ಅದರ ಜಾಗ ಅಂಗೈಯೇ. ಮೇಲೆ ಪಟ್ಟಿ ಕಟ್ಟಿ, ಆ ಕೈಯನ್ನು ಹೊಟ್ಟೆಯಿಂದ ದೂರಕ್ಕೆ ಹಲಗೆಯ ಮೇಲೆ ಚಾಚಿಸಿದೆ. ಆಮೇಲೆ ಅವಳು ಹೆಬ್ಬೆಟ್ಟು ಒತ್ತಿದಳು. ಸರ್ಜನ್ ಗೊಣಗುತ್ತಲೇ ಕೈ ತೊಳೆಯಲು ಹೋದರು.

ಪ್ರಜ್ಞೆ ತಪ್ಪಿಸಲು ಕೊಟ್ಟ ಈಥರಿನ ಅಮಲು ಏರುತ್ತಿದ್ದಂತೆ ಮುಷ್ಟಿ ಸಡಿಲವಾಗಿ ಪಟ್ಟಿ ಜಾರತೊಡಗಿತು. ಅವಳ ಕೈಯನ್ನು ನನ್ನ ಎರಡೂ ಕೈಗಳಲ್ಲಿ ಮುಚ್ಚಿ ಹಿಡಿದೆ. ಸರ್ಜನ್ ಏನೋ ಬೇಕೆಂದು ಕೂಗಿದಾಗ, ಬೇರೆಯವರನ್ನು ಕರೆಯಿರಿ ಎಂದೆ. ಕೊನೆಯ ಹೊಲಿಗೆ ಬೀಳುವವರೆಗೆ ಬಿಡಲಿಲ್ಲ. ನನಗೆ ಗೊತ್ತಿದ್ದದ್ದು ಯೇಸುವಿನ ಪ್ರಾರ್ಥನೆ, ಅದನ್ನೇ ಹೇಳಿಕೊಂಡೆ.

ಹಾಲಮ್ಮ ಉಳಿದಳು. ಗಾಯವೂ ಕೀವಾಗದೆ ಮಾಯಿತು. ಆದರೆ ಅವಳು ಎದ್ದು ಕೂರುವ ಹೊತ್ತಿಗೆ ಥಿಯೇಟರಿನಲ್ಲಿ ನಡೆದದ್ದರ ಸುದ್ದಿ ಅತ್ತೆಗೆ ಮುಟ್ಟಿತ್ತು. “ಲಿಂಗ ಯಾರು ಮುಟ್ಟಿದ್ರು?” ಎಂದು ವಾರ್ಡಿನ ನಡುವೆಯೇ ಕೇಳಿದರು. ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು. “ನಾನೇ” ಎಂದೆ.

ಮುದುಕಿ ಹೌಹಾರಿದರು. ಸೊಸೆಯತ್ತ ತಿರುಗಿ, “ಮಠಕ್ಕೋಗಿ ಬ್ಯಾರೆ ಲಿಂಗ ಕಟ್ಟಿಸ್ಕೊಳ್ಳೋ ತನಕ ಒಲಿ ಮುಂದ ಬರಬ್ಯಾಡ” ಎಂದರು.

ಹಾಲಮ್ಮ ದನಿ ಏರಿಸಲಿಲ್ಲ. “ಬ್ಯಾರೆ ಬ್ಯಾಡ, ಅತ್ತಿ. ನನಗ ಎಚ್ಚರಿಲ್ದಾಗ ಕೈ ಬಿಡದಿದ್ದೋರು ಇವರಿಬ್ರೇ, ಈ ಲಿಂಗ, ಈ ಅಕ್ಕ. ಒಬ್ರನ್ನ ಪೂಜಿಸಿ ಇನ್ನೊಬ್ರನ್ನ ಹೆಂಗ ಮೈಲಿಗೆ ಅನ್ಲಿ?”

ಅತ್ತೆ ಮುಖ ತಿರುಗಿಸಿ ಕುಳಿತರು. ಊರಿಗೆ ಹೊರಟ ದಿನ ಸೊಸೆಯನ್ನು ರಟ್ಟೆ ಹಿಡಿದು ಗಾಡಿ ಹತ್ತಿಸಿದವರೂ ಅವರೇ. ನನ್ನ ಕಡೆ ಮಾತ್ರ ನೋಡಲಿಲ್ಲ.

ಅಲ್ಲಿಂದ ನಿವೃತ್ತಿಯವರೆಗೆ, ಲಿಂಗವಿರಲಿ ತಾಯಿತವಿರಲಿ, ಯಾರಿಗೂ ನಾನು “ತೆಗೀರಿ” ಎನ್ನಲಿಲ್ಲ. “ಎಲ್ಲಿ ಕಟ್ಟಲಿ?” ಎಂದು ಕೇಳಿದೆ. ಅದಕ್ಕೆ ಯಾವ ಸರ್ಜನ್ನರ ಅಪ್ಪಣೆಯನ್ನೂ ಕಾಯಲಿಲ್ಲ.