ಗಾಜಿನಕ್ಕನ ಮೆತ್ತನೆಯ ತಟ್ಟೆಗಳು

ಪ್ರಯೋಗಾಲಯದಲ್ಲಿ ತಟ್ಟೆ, ಸೀಸೆ ತೊಳೆಯುವ ಹೆಂಗಸನ್ನು ಎಲ್ಲರೂ ಗಾಜಿನಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ತೊಳೆದೂ ಒಂದನ್ನೂ ಒಡೆಯದ ಕೈ ಅವಳದು. ಆ ಕೈಯನ್ನು ನೋಡಿಯೇ ಅಲ್ಲಿ ಮಿದುಳಿನ ಸಂಶೋಧನೆ ನಡೆಸುತ್ತಿದ್ದ ಡಾಕ್ಟರಮ್ಮ ಅವಳಿಗೆ ಲೋಳೆಯಂಥ ಜೆಲ್ ಕಲಸುವ ಕೆಲಸ ಕೊಟ್ಟಿದ್ದರು. ತಟ್ಟೆಯಲ್ಲಿ ಜೆಲ್ ಹೆಪ್ಪುಗಟ್ಟಿದ ಮೇಲೆ ಇಲಿಯ ಮಿದುಳಿನ ನರಕೋಶಗಳನ್ನು ಅದರ ಮೇಲೆ ಬಿಡುತ್ತಿದ್ದರು. ಅವು ಕವಲೊಡೆದು ಒಂದಕ್ಕೊಂದು ಕೈ ಚಾಚಬೇಕಿತ್ತು. ಎಲ್ಲಿ ಚಾಚಿಯಾವು? ಮಾವನ ಮನೆಯಲ್ಲಿ ಮುನಿಸಿಕೊಂಡ ಅಳಿಯನ ಹಾಗೆ ಮುದುಡಿ ಕೂತಿರುತ್ತಿದ್ದವು.

ಡಾಕ್ಟರಮ್ಮನದು ಒಂದೇ ಮಾತು. "ತಳಪಾಯ ಗಟ್ಟಿ ಇದ್ರೆ ತಾನೇ ಮನೆ ನಿಲ್ಲೋದು? ಜೆಲ್ ಇನ್ನೂ ಗಟ್ಟಿ ಮಾಡು."

ಗಾಜಿನಕ್ಕ ಗಟ್ಟಿ ಮಾಡಿದಳು. ಕೋಶಗಳು ಇನ್ನಷ್ಟು ಮುದುಡಿದವು.

"ಅಲ್ಲಮ್ಮಾ, ತಲೆಯೊಳಗೆ ಮಿದುಳು ಎಷ್ಟು ಗಟ್ಟಿ ಇರುತ್ತೆ?"

"ಬೆಣ್ಣೆಗಿಂತ ಮೆತ್ತಗೆ. ಯಾಕೆ?"

"ಸುಮ್ನೆ ಕೇಳಿದೆ."

ಸುಮ್ಮನೆ ಕೇಳಿದವಳು ಸುಮ್ಮನಿದ್ದದ್ದುಂಟೇ? ಮರುದಿನ ಬೆಳಿಗ್ಗೆ ಮೂರು ತಟ್ಟೆಗಳಿಗೆ ಬಿಗಿ ಕೊಡುವ ದ್ರಾವಣವನ್ನು ಕಾಲು ಪಾಲಷ್ಟೇ ಹಾಕಿ, ತಳಕ್ಕೊಂದು ಚುಕ್ಕೆಯಿಟ್ಟು, ಉಳಿದವುಗಳ ನಡುವೆ ಸೇರಿಸಿಬಿಟ್ಟಳು. ಹೇಳಿದ್ದು ಬಸ್ಸು ಓಡಿಸುವ ಗಂಡನಿಗೆ ಮಾತ್ರ. "ಇರೋ ಕೆಲಸಕ್ಕೆ ಕಲ್ಲು ಹಾಕ್ಕೋತೀಯ ಕಣೇ!" ಎಂದು ಅವನು ಬೈದ. ನಾಲ್ಕು ದಿನ ಅವಳಿಗೆ ಊಟ ರುಚಿಸಲಿಲ್ಲ.

ಐದನೆಯ ದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಡಾಕ್ಟರಮ್ಮ ಕುರ್ಚಿ ಬಿಟ್ಟು ಎದ್ದರು. ಮೂರು ತಟ್ಟೆಗಳಲ್ಲಿ ಕವಲುಗಳು ಕುಂಬಳದ ಬಳ್ಳಿಯಂತೆ ಹಬ್ಬಿದ್ದವು. ಒಂದನ್ನು ಎತ್ತಿ ಓರೆ ಮಾಡಿದರೆ ಜೆಲ್ ತುಳುಕಿತು.

"ಇವು ಮೆತ್ತಗಿವೆ! ಯಾರು ಮಾಡಿದ್ದು?"

"ಕೈ ಜಾರಿತಮ್ಮ."

"ಮೂರು ಸಲಾನೂ ಒಂದೇ ಅಳತೆಗೆ ಜಾರ್ತಾ?"

"ಪಳಗಿದ ಕೈ ನೋಡಿ."

ಡಾಕ್ಟರಮ್ಮ ನಗು ತಡೆಯಲು ನೋಡಿದರು, ಆಗಲಿಲ್ಲ. ನಕ್ಕು ಮುಗಿಸಿ ಗದರಿದರು. "ಇನ್ಮೇಲೆ ಜಾರೋಕೆ ಮುಂಚೆ ನಂಗೆ ಹೇಳು. ಎಷ್ಟು ಜಾರ್ತು ಅಂತ ಬರೆದೂ ಇಡು."

ಆಮೇಲೆ ಹದಿನಾಲ್ಕು ಹದದ ಜೆಲ್‌ಗಳು ತಯಾರಾದವು. ತೀರಾ ಮೆತ್ತಗಿನವುಗಳಲ್ಲಿ ಕೋಶಗಳು ಒಟ್ಟುಗೂಡಿ ಮುದ್ದೆಯಾದವು. ನರಕೋಶಗಳಿಗೆ ಆಸರೆ ಕೊಡುವ ಇನ್ನೊಂದು ಜಾತಿಯ ಕೋಶಗಳಿಗಂತೂ ಗಟ್ಟಿ ತಳವೇ ಹಿಡಿಸಿತು. "ನೋಡಿ, ಅವು ನಿಮ್ಮ ಕಡೆಯವು" ಎಂದು ಗಾಜಿನಕ್ಕ ಡಾಕ್ಟರಮ್ಮನಿಗೆ ಸಮಾಧಾನ ಹೇಳಿದಳು.

ವರ್ಷದ ಮೇಲೆ ಸಂಶೋಧನೆಯ ಲೇಖನ ಅಚ್ಚಾಯಿತು. ಬರೆದವರ ಸಾಲಿನಲ್ಲಿ ಅವಳ ಹೆಸರೂ ಇತ್ತು. ಗಂಡ ಅದನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿ, ಕನ್ನಡಕ ತೆಗೆದು, "ಏನೂ ಅರ್ಥ ಆಗ್ಲಿಲ್ಲ ಕಣೇ, ನಿನ್ನ ಹೆಸರು ಮಾತ್ರ ಸರಿಯಾಗಿ ಬರ್ದಿದ್ದಾರೆ" ಎಂದ.